ರಾಜಕೀಯ ಆತ್ಮಕಥನ ಮತ್ತು ಇಬ್ಭಾಗವಾದ ಓದು: ಎಸ್. ನಿಜಲಿಂಗಪ್ಪನವರ ಆತ್ಮಕಥೆಯನ್ನು ಕುರಿತು

1. ಪೀಠಿಕೆ

ಕನ್ನಡದಲ್ಲಿ ಆತ್ಮಕಥನವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಸಾಹಿತಿಗಳು, ರಂಗಕರ್ಮಿಗಳು ಹಾಗೂ ದಲಿತ ಲೇಖಕರ ಬರಹಗಳ ಸುತ್ತ ನಡೆದಿವೆ. ರಾಜಕಾರಣಿಗಳ ಆತ್ಮಕಥೆಗಳನ್ನು ಇತಿಹಾಸದ ಆಕರಗಳೆಂದೋ ಪತ್ರಿಕೆಗಳ ಸುದ್ದಿಯ ಸಾಮಗ್ರಿಯೆಂದೋ ಬಳಸಿಕೊಂಡು ಬದಿಗಿರಿಸುವುದೇ ಹೆಚ್ಚು. ಅವುಗಳನ್ನು ಪಠ್ಯಗಳೆಂದು ಪರಿಗಣಿಸಿ, ಓದುಗ ಸಮುದಾಯವು ಅವುಗಳನ್ನು ಸ್ವೀಕರಿಸಿದ ಬಗೆಯನ್ನು ವಿವೇಚಿಸಿದ ಪ್ರಯತ್ನಗಳು ವಿರಳ. ರಾಜಕೀಯ ಆತ್ಮಕಥನವು ಪ್ರಕಟವಾದೊಡನೆ ಓದುಗರು ಎರಡು ಬಣಗಳಾಗುವುದು ಮಾತ್ರ ಎಲ್ಲ ಕಾಲಕ್ಕೂ ಕಾಣುವ ಸಂಗತಿಯಾಗಿದೆ.

ಇದಕ್ಕೆ ಎರಡು ನಿದರ್ಶನಗಳನ್ನು ಗಮನಿಸಬಹುದು. ಮೌಲಾನಾ ಅಬುಲ್ ಕಲಾಂ ಆಜಾದರ 'ಇಂಡಿಯಾ ವಿನ್ಸ್ ಫ್ರೀಡಂ' 1959ರಲ್ಲಿ ಪ್ರಕಟವಾದಾಗ ಸುಮಾರು 30 ಪುಟಗಳನ್ನು ಮೊಹರು ಮಾಡಿ ಇರಿಸಲಾಗಿತ್ತು. 1988ರಲ್ಲಿ ಅವು ಹೊರಬರುವವರೆಗೂ, ಬಂದ ಮೇಲೂ, ಚರ್ಚೆಯು ಅಚ್ಚಾದ ಪುಟಗಳಿಗಿಂತ ಆ ಕೆಲವು ಪುಟಗಳ ಮೇಲೆಯೇ ಕೇಂದ್ರೀಕೃತವಾಯಿತು. ಕರ್ನಾಟಕದಲ್ಲಿ 2008ರಲ್ಲಿ ಎಚ್. ವಿಶ್ವನಾಥ್ ಅವರ 'ಹಳ್ಳಿ ಹಕ್ಕಿಯ ಹಾಡು' ಪ್ರಕಟವಾದಾಗಲೂ ವಾಗ್ವಾದವು ಕೃತಿಯ ಕೆಲವು ಭಾಗಗಳ ಸುತ್ತಲೇ ಸುತ್ತಿತು. ಹಳ್ಳಿಯಿಂದ ಬಂದ ಒಬ್ಬ ರಾಜಕಾರಣಿಯ ಬೆಳವಣಿಗೆಯ ಕಥನ ಎಂಬ ನೆಲೆಯಲ್ಲಿ ಆ ಕೃತಿಗೆ ಸಲ್ಲಬೇಕಾಗಿದ್ದ ಗಮನ ಹಿಂದೆ ಸರಿಯಿತು.

ಇಂತಹ ಸಂದರ್ಭಗಳಲ್ಲಿ ಒಡಕು ಪುಸ್ತಕದಿಂದ ಹುಟ್ಟುತ್ತದೆಯೇ ಅಥವಾ ಮೊದಲೇ ಇದ್ದ ಒಡಕಿನೊಳಕ್ಕೆ ಪುಸ್ತಕವು ಪ್ರವೇಶಿಸುತ್ತದೆಯೇ ಎಂಬುದು ಮೂಲಭೂತ ಪ್ರಶ್ನೆ. ಚಿತ್ರದುರ್ಗವನ್ನು ಕಾರ್ಯಕ್ಷೇತ್ರವಾಗಿಸಿಕೊಂಡಿದ್ದ ಎಸ್. ನಿಜಲಿಂಗಪ್ಪನವರ (1902-2000) ಆತ್ಮಕಥೆ 'ಮೈ ಲೈಫ್ ಅಂಡ್ ಪಾಲಿಟಿಕ್ಸ್' ಅನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೃತಿಯು ಪ್ರಕಟವಾದದ್ದು 2000ದಲ್ಲಿ. ಅದೇ ವರ್ಷದ ಆಗಸ್ಟ್ 8ರಂದು ಲೇಖಕರು ಚಿತ್ರದುರ್ಗದಲ್ಲಿ ನಿಧನರಾದರು. ಹೀಗಾಗಿ ಕೃತಿಯ ಮೊದಲ ಓದು ಶ್ರದ್ಧಾಂಜಲಿಯ ಕಾಲದ ಓದೂ ಆಯಿತು. ಆದರೆ ಅವರ ರಾಜಕಾರಣವನ್ನು ಕುರಿತ ಭಿನ್ನಾಭಿಪ್ರಾಯಗಳು ಅದಕ್ಕೆ ಅರ್ಧ ಶತಮಾನದಷ್ಟು ಹಿಂದಿನವು. ಏಕೀಕರಣ, 1962ರ ಹೊಸದುರ್ಗದ ಸೋಲು, 1969ರ ಕಾಂಗ್ರೆಸ್ ವಿಭಜನೆ ಎಂಬ ಮೂರು ಘಟ್ಟಗಳಲ್ಲಿ ಅವುಗಳನ್ನು ಗುರುತಿಸಬಹುದು.

2. ಮೂರು ಆಡಳಿತಗಳ ನಡುವಿನ ಬದುಕು

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಶಾಲಾ ಶಿಕ್ಷಣ ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ, ಪದವಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಕಾನೂನು ಶಿಕ್ಷಣ ಬೊಂಬಾಯಿ ಪ್ರಾಂತದ ಪುಣೆಯಲ್ಲಿ ನಡೆಯಿತು. ವಕೀಲ ವೃತ್ತಿಗೆ ಅವರು ಆರಿಸಿಕೊಂಡದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗವನ್ನು. ಮದರಾಸು, ಬೊಂಬಾಯಿ, ಮೈಸೂರು ಎಂಬ ಮೂರು ಬೇರೆ ಬೇರೆ ಆಡಳಿತಗಳ ಅನುಭವ ಯೌವನದಲ್ಲಿಯೇ ಅವರಿಗೆ ಒದಗಿತ್ತು.

ಚಿತ್ರದುರ್ಗ ಸೀಮೆಯ ಭೌಗೋಳಿಕ ಸ್ಥಾನವೂ ಇಲ್ಲಿ ಮುಖ್ಯವಾಗುತ್ತದೆ. ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದ ಈ ಜಿಲ್ಲೆಯ ಜನರಿಗೆ ಬಳ್ಳಾರಿಯ ಹಳ್ಳಿಗಳೊಡನೆ ನೆಂಟಸ್ತಿಕೆ, ಸಂತೆ, ಮಠಗಳ ಸಂಬಂಧವಿತ್ತು. ಗಡಿಯು ಕಾಗದದ ಮೇಲಿನದು ಎಂಬ ಅರಿವು ಇಲ್ಲಿ ನಿತ್ಯದ ಅನುಭವವಾಗಿತ್ತು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಮೂಲಕ ನಡೆದ ಅರಣ್ಯ ಸತ್ಯಾಗ್ರಹವು ಈ ಭಾಗದ ರೈತರನ್ನು ರಾಷ್ಟ್ರೀಯ ಚಳವಳಿಗೆ ನೇರವಾಗಿ ಬೆಸೆಯಿತು. ನಿಜಲಿಂಗಪ್ಪನವರ ನಾಯಕತ್ವ ರೂಪುಗೊಂಡದ್ದು ಈ ಕಾಲದಲ್ಲಿಯೇ. ಮುಂದೆ ಅವರು ಬೊಂಬಾಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನೂ ಒಳಗೊಂಡಿದ್ದ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು. ಸಂವಿಧಾನ ಸಭೆಯ ಸದಸ್ಯರಾದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಇಂತಹ ಬದುಕಿನ ಕಥನಕ್ಕೆ ಒಂದೇ ಓದುಗ ಸಮುದಾಯವಿರುವುದು ಸಾಧ್ಯವಿಲ್ಲ. ಲೇಖಕರ ಬದುಕು ಎಷ್ಟು ಪ್ರದೇಶಗಳನ್ನು ದಾಟಿತೋ ಅಷ್ಟು ಪ್ರದೇಶಗಳ ನೆನಪುಗಳೂ ಕೃತಿಯ ಎದುರು ನಿಲ್ಲುತ್ತವೆ.

3. ಏಕೀಕರಣ: ಒಂದು ಘಟನೆ, ಹಲವು ನೆನಪುಗಳು

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಅದರ ಮೊದಲ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು. ಏಕೀಕರಣದ ಕಥನಗಳಲ್ಲಿ ಈ ಕ್ಷಣವನ್ನು ಬಹುಕಾಲದ ಕನಸು ನನಸಾದುದೆಂದು ವರ್ಣಿಸುವುದು ರೂಢಿ. ಆದರೆ ಹಳೆಯ ಮೈಸೂರಿನಲ್ಲಿ ಆ ಕನಸು ಸರ್ವಸಮ್ಮತವಾಗಿರಲಿಲ್ಲ. ಕೆಂಗಲ್ ಹನುಮಂತಯ್ಯನವರು ಏಕೀಕರಣವನ್ನು ಬೆಂಬಲಿಸಿದರಾದರೂ ಆ ಭಾಗದ ಅನೇಕ ನಾಯಕರು ವಿರೋಧಿಸಿದ್ದರು. ಸಂಸ್ಥಾನದ ಆಡಳಿತದಿಂದ ಅಭಿವೃದ್ಧಿ ಹೊಂದಿದ ಪ್ರದೇಶದ ಸಂಪನ್ಮೂಲವನ್ನು ಇತರ ಭಾಗಗಳೊಡನೆ ಹಂಚಿಕೊಳ್ಳಬೇಕಾಗುತ್ತದೆ ಎಂಬ ಆತಂಕ ಒಂದು ಕಡೆ, ಹೊಸ ರಾಜ್ಯದಲ್ಲಿ ಜಾತಿಗಳ ಸಂಖ್ಯಾಬಲವು ಬದಲಾಗುತ್ತದೆ ಎಂಬ ಆತಂಕ ಇನ್ನೊಂದು ಕಡೆ ಇದ್ದವು.

ಅಧಿಕಾರದ ಹಸ್ತಾಂತರವನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಏಕೀಕರಣದ ಮುನ್ನಾದಿನದವರೆಗೆ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ಕಡಿದಾಳ್ ಮಂಜಪ್ಪನವರು. 1956ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗಿನ ಕೆಲವೇ ವಾರಗಳ ಅಧಿಕಾರ ಅವರದು. ಅವರ ಆತ್ಮಕಥೆಯ ಹೆಸರು 'ನನಸಾಗದ ಕನಸು'. ಒಂದು ಪ್ರದೇಶದ ಪಾಲಿಗೆ ಕನಸು ಕೈಗೂಡಿದ ಕಾಲಘಟ್ಟದ ಮತ್ತೊಬ್ಬ ನಾಯಕರು ತಮ್ಮ ಬದುಕನ್ನು ಈಡೇರದ ಕನಸೆಂದು ಕರೆದುಕೊಂಡದ್ದು ಗಮನಾರ್ಹ. ಈ ಎರಡು ಆತ್ಮಕಥೆಗಳನ್ನು ಎದುರುಬದುರಾಗಿಟ್ಟು ಓದಿದಾಗ ಏಕೀಕರಣೋತ್ತರ ರಾಜಕಾರಣದ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ.

ಮೂರನೆಯ ಓದುಗನೊಬ್ಬ ರಾಜ್ಯದ ಗಡಿಯಾಚೆಗೆ ಇದ್ದಾನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ, 1966ರಲ್ಲಿ, ನೇಮಕಗೊಂಡ ಮಹಾಜನ್ ಆಯೋಗವು 1967ರ ತನ್ನ ವರದಿಯಲ್ಲಿ ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಬೇಕೆಂದಿತು. ಶಿಫಾರಸುಗಳು ಜಾರಿಗೆ ಬರಲಿಲ್ಲ. ಬೆಳಗಾವಿಯ ಕನ್ನಡಿಗನಿಗೆ ಯಥಾಸ್ಥಿತಿ ಗೆಲುವಾಯಿತು, ಕಾಸರಗೋಡಿನ ಕನ್ನಡಿಗನಿಗೆ ಅದೇ ಯಥಾಸ್ಥಿತಿ ಸೋಲಾಯಿತು. ಏಕೀಕರಣದ ನಾಯಕರೊಬ್ಬರ ಆತ್ಮಕಥೆಯನ್ನು ಈ ಇಬ್ಬರೂ ಒಂದೇ ಮನಸ್ಸಿನಿಂದ ಓದಲಾರರು.

4. ಹೊಸದುರ್ಗ, 1962

ರಾಜಕೀಯ ಆತ್ಮಕಥನದಲ್ಲಿ ಗೆಲುವಿಗಿಂತ ಸೋಲಿನ ಪ್ರಸಂಗಗಳು ಹೆಚ್ಚು ಪರೀಕ್ಷೆಗೆ ಒಳಗಾಗುತ್ತವೆ. ನಿಜಲಿಂಗಪ್ಪನವರ ಬದುಕಿನಲ್ಲಿ ಅಂತಹ ಪ್ರಸಂಗ ಹೊಸದುರ್ಗದ್ದು. 1957ರಲ್ಲಿ ಅವರು ಇದೇ ಜಿಲ್ಲೆಯ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಆಯ್ಕೆಯಾಗಿದ್ದರು. 1958ರಲ್ಲಿ ಅಧಿಕಾರ ಬಿಡಬೇಕಾಗಿ ಬಂದು ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ರಾಜ್ಯದಲ್ಲಿ ಬಹುಮತ ಪಡೆದರೂ, ಹೊಸದುರ್ಗದಲ್ಲಿ ಸ್ಪರ್ಧಿಸಿದ್ದ ನಿಜಲಿಂಗಪ್ಪನವರು ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು.

ಇದರ ಪರಿಣಾಮವಾಗಿ ಎಸ್.ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾದರು. ಕಂಠಿಯವರು ಅಧಿಕಾರವನ್ನು ಬಿಟ್ಟುಕೊಟ್ಟರು. ಗಾದಿಯನ್ನು ಮರಳಿ ಒಪ್ಪಿಸಿದ ಈ ನಡೆಯನ್ನು ರಾಮಾಯಣದ ಭರತನ ಪ್ರಸಂಗಕ್ಕೆ ಹೋಲಿಸಿ ನೋಡಲು ಸಾಧ್ಯವಿದೆ. ಮತದಾರನು ತಿರಸ್ಕರಿಸಿದ ನಾಯಕನನ್ನು ಪಕ್ಷವು ಬೇರೆ ದಾರಿಯಿಂದ ಅಧಿಕಾರಕ್ಕೆ ತಂದಿತು ಎಂದು ನೋಡಲೂ ಸಾಧ್ಯವಿದೆ. ಎರಡೂ ಓದುಗಳು ಆಧರಿಸುವುದು ಅದೇ ಸಂಗತಿಗಳನ್ನೇ.

ಈ ಸೋಲಿಗೆ ಮತ್ತೊಂದು ಮಗ್ಗುಲಿದೆ. 1962ರ ನಂತರ ನಿಜಲಿಂಗಪ್ಪನವರು ಚಿತ್ರದುರ್ಗ ಜಿಲ್ಲೆಯಿಂದ ವಿಧಾನಸಭೆಯನ್ನು ಪ್ರವೇಶಿಸಲಿಲ್ಲ. 1967ರಲ್ಲಿ ಅವರು ಆಯ್ಕೆಯಾದದ್ದು ಶಿಗ್ಗಾಂವಿಯಿಂದ. ಬಾಗಲಕೋಟೆ, ಶಿಗ್ಗಾಂವಿಗಳೆರಡೂ ಏಕೀಕರಣಕ್ಕೆ ಮೊದಲು ಬೊಂಬಾಯಿ ರಾಜ್ಯದಲ್ಲಿದ್ದ ಪ್ರದೇಶಗಳು. ಹಳೆಯ ಮೈಸೂರಿಗೆ ಸೇರಿದ್ದ ಜಿಲ್ಲೆಯ ನಾಯಕರೊಬ್ಬರನ್ನು ಹೊಸದಾಗಿ ಕೂಡಿಕೊಂಡ ಭಾಗದ ಮತದಾರರು ತಮ್ಮ ಪ್ರತಿನಿಧಿಯೆಂದು ಒಪ್ಪಿದರು. ಏಕೀಕರಣವು ಆಡಳಿತದ ಕಡತಗಳಿಂದ ಜನರ ರಾಜಕೀಯ ವ್ಯವಹಾರಕ್ಕೆ ಇಳಿದುದಕ್ಕೆ ಇದೊಂದು ಸಾಕ್ಷ್ಯ. ಹೊಸದುರ್ಗದಲ್ಲಿ ಕಳೆದುಕೊಂಡ ನಂಬಿಕೆಗೆ ಪ್ರತಿಯಾಗಿ ಕೃಷ್ಣೆಯ ದಡದಲ್ಲಿ ನೆಲೆ ಸಿಕ್ಕಿತು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆಯಾದದ್ದು ಅವರ ಇದೇ ಅಧಿಕಾರಾವಧಿಯಲ್ಲಿ ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಹಾಗಿದ್ದರೂ ರಾಜ್ಯದ ದೃಷ್ಟಿಯಿಂದ ಅರ್ಥಪೂರ್ಣವೆನಿಸುವ ಈ ವ್ಯಾಖ್ಯಾನವು, ಆ ನಾಯಕರನ್ನು ಸೋಲಿಸಿದ ಹೊಸದುರ್ಗದ ಮತದಾರನ ಕಾರಣಗಳನ್ನು ವಿವರಿಸುವುದಿಲ್ಲ. ಸೋತವರ ಆತ್ಮಕಥೆ ದೊರೆಯುತ್ತದೆ. ಸೋಲಿಸಿದವರು ಆತ್ಮಕಥೆ ಬರೆಯುವುದಿಲ್ಲ.

5. 1969: ದಿನಚರಿ ಮತ್ತು ಆತ್ಮಕಥೆ

ನಿಜಲಿಂಗಪ್ಪನವರನ್ನು ಕುರಿತ ಅಭಿಪ್ರಾಯಭೇದವು ರಾಷ್ಟ್ರೀಯ ಸ್ವರೂಪ ಪಡೆದದ್ದು ಕಾಂಗ್ರೆಸ್ ವಿಭಜನೆಯ ಸಂದರ್ಭದಲ್ಲಿ. 1968ರಲ್ಲಿ ಅವರು ಕೆ. ಕಾಮರಾಜರ ನಂತರ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. 1969ರ ಏಪ್ರಿಲ್‌ನಲ್ಲಿ ಫರೀದಾಬಾದ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ಅವರು ಸಾರ್ವಜನಿಕ ಉದ್ಯಮಗಳ ಕಾರ್ಯವೈಖರಿಯನ್ನು ಟೀಕಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಅಲ್ಲಿಯೇ ಖಂಡಿಸಿದರು. ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿದ ಸಂದರ್ಭದಲ್ಲಿ ಪಕ್ಷವು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿತು. ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆಗಸ್ಟ್‌ನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸೋತು ವಿ.ವಿ. ಗಿರಿಯವರು ರಾಷ್ಟ್ರಪತಿಯಾದರು. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸುವ ತೀರ್ಮಾನವಾಯಿತು. ಪಕ್ಷ ಒಡೆಯಿತು.

ಈ ಸಂಗತಿಗಳಲ್ಲಿ ವಿವಾದವಿಲ್ಲ. ವಿವಾದವಿರುವುದು ಉದ್ದೇಶಗಳ ಬಗ್ಗೆ. ಸಾಂವಿಧಾನಿಕ ನಡಾವಳಿ ಮತ್ತು ಪಕ್ಷದ ಶಿಸ್ತನ್ನು ಉಳಿಸಲು ಅಧ್ಯಕ್ಷರು ನಡೆಸಿದ ಹೋರಾಟ ಇದೆಂಬುದು ಒಂದು ವಾದ. ಹಳೆಯ ನಾಯಕರ ಕೂಟವೊಂದು, ಅಂದರೆ 'ಸಿಂಡಿಕೇಟ್', ಪ್ರಧಾನಿಯನ್ನು ಇಳಿಸಲು ಹೂಡಿದ ತಂತ್ರವೆಂಬುದು ಪ್ರತಿವಾದ. ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಪಡೆಯುವ ಸಲುವಾಗಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಭೇಟಿಯಾದದ್ದು ಪ್ರತಿವಾದಿಗಳಿಗೆ ಆಧಾರವಾಯಿತು.

ಇಲ್ಲಿ ನಿಜಲಿಂಗಪ್ಪನವರ ದಿನಚರಿಯ ವಿಚಾರ ಮಹತ್ವ ಪಡೆಯುತ್ತದೆ. ವಿಭಜನೆಯನ್ನು ಕುರಿತು ಬರೆದ ಇತಿಹಾಸಕಾರರು ಅವರ 1969ರ ದಿನಚರಿಯ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಬರಹಗಳನ್ನು ಬಳಸಿಕೊಂಡಿದ್ದಾರೆ. ಪ್ರಧಾನಿ ಆ ಸ್ಥಾನದಲ್ಲಿ ಮುಂದುವರಿಯಲು ಅರ್ಹರೇ ಎಂಬ ಸಂಶಯವೂ ಅವರನ್ನು ಬದಲಿಸುವ ಬಗ್ಗೆ ಮೊರಾರ್ಜಿಯವರೊಡನೆ ನಡೆದ ಮಾತುಕತೆಯೂ ಅಲ್ಲಿ ದಾಖಲಾಗಿವೆ. ಅಂದರೆ ರಾಷ್ಟ್ರಪತಿ ಚುನಾವಣೆಯ ಪ್ರಶ್ನೆ ಏಳುವುದಕ್ಕೆ ಮೊದಲೇ ಬಿರುಕು ಮೂಡಿತ್ತು. ವಿರೋಧಿಗಳ ಪಾಲಿಗೆ ಇದು ತಪ್ಪೊಪ್ಪಿಗೆಯಂತಹ ಸಾಕ್ಷ್ಯ. ಅಭಿಮಾನಿಗಳ ಪಾಲಿಗೆ ತನಗೆ ಪ್ರತಿಕೂಲವಾಗಬಹುದಾದುದನ್ನೂ ಮುಚ್ಚಿಡದ ಪ್ರಾಮಾಣಿಕತೆಯ ಗುರುತು.

ಒಂದೇ ಲೇಖನಿಯಿಂದ ಬಂದ ಎರಡು ಪ್ರಕಾರದ ಬರಹಗಳು ಇಲ್ಲಿವೆ. ದಿನಚರಿ ಬರೆಯುವವನಿಗೆ ನಾಳೆ ಏನಾಗುವುದೆಂದು ತಿಳಿದಿರುವುದಿಲ್ಲ. ಆತ್ಮಕಥೆ ಬರೆಯುವವನಿಗೆ ಎಲ್ಲವೂ ತಿಳಿದಿರುತ್ತದೆ. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹೋದದ್ದು, 1972ರಲ್ಲಿ ದೇವರಾಜ ಅರಸು ಅವರು ಅಧಿಕಾರಕ್ಕೆ ಬಂದದ್ದು, 1975ರ ತುರ್ತುಪರಿಸ್ಥಿತಿ ಇವೆಲ್ಲವನ್ನೂ ಕಂಡ ಮೇಲೆ ಬರೆದ ಕಥನ ಆತ್ಮಕಥೆ. ಈ ಮುಂದಿನ ಘಟನೆಗಳೇ ಓದುಗರನ್ನೂ ಒಡೆದಿವೆ. ತುರ್ತುಪರಿಸ್ಥಿತಿಯಿಂದ ಹಿಂದಕ್ಕೆ ನೋಡುವವನಿಗೆ 1969ರ ಪಕ್ಷಾಧ್ಯಕ್ಷರು ಅಪಾಯವನ್ನು ಮೊದಲೇ ಗ್ರಹಿಸಿದವರಾಗಿ ಕಾಣುತ್ತಾರೆ. ಅರಸು ಅವರ ಕಾಲದ ಭೂಸುಧಾರಣೆ ಮತ್ತು ಹಿಂದುಳಿದ ವರ್ಗಗಳ ರಾಜಕಾರಣದಿಂದ ಹಿಂದಕ್ಕೆ ನೋಡುವವನಿಗೆ ಅದೇ ವ್ಯಕ್ತಿ ಬದಲಾವಣೆಯ ಹಾದಿಯಲ್ಲಿ ಅಡ್ಡ ನಿಂತ ಪ್ರಬಲ ವರ್ಗಗಳ ಪ್ರತಿನಿಧಿಯಾಗಿ ಕಾಣುತ್ತಾರೆ. ಗೇಣಿ ಭೂಮಿಗೆ ಒಡೆತನ ಪಡೆದ ರೈತನ ಮನೆಯ ನೆನಪೂ ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡವನ ಮನೆಯ ನೆನಪೂ ಒಂದೇ ಆಗಲಾರವು. ಎರಡೂ ಅನುಭವಗಳು ನಿಜವಾದವು. ಆದುದರಿಂದ ಈ ಒಡಕನ್ನು ಓದುಗರ ಪೂರ್ವಗ್ರಹವೆಂದು ತಳ್ಳಿಹಾಕುವಂತಿಲ್ಲ.

6. ಭಾಷೆ ಮತ್ತು ಓದುಗ

ಕನ್ನಡ ನಾಡಿನ ಏಕೀಕರಣಕ್ಕೆ ದುಡಿದ ನಾಯಕರ ಆತ್ಮಕಥೆಯು ಇಂಗ್ಲಿಷಿನಲ್ಲಿ, ದೆಹಲಿಯಿಂದ ಪ್ರಕಟವಾದುದು ಚಿಂತನೆಗೆ ಅರ್ಹವಾದ ಸಂಗತಿ. ಭಾಷೆಯ ಆಯ್ಕೆಯು ಓದುಗನ ಆಯ್ಕೆಯೂ ಹೌದು. ರಾಷ್ಟ್ರೀಯ ಪಕ್ಷವೊಂದರ ಅಧ್ಯಕ್ಷರು 1969ರ ಘಟನೆಗಳ ಬಗ್ಗೆ ದೇಶದ ಮುಂದೆ ಹೇಳಿಕೆ ನೀಡುವಾಗ ಇಂಗ್ಲಿಷ್ ಸಹಜವೆನಿಸುತ್ತದೆ. ಹೊಸದುರ್ಗದ ಸಂತೆಯಲ್ಲಿ, ಹಿರಿಯೂರಿನ ಕಾಲುವೆಯ ಬದುವಿನ ಮೇಲೆ, ಹೊಳಲ್ಕೆರೆಯ ಅಡಕೆ ತೋಟಗಳಲ್ಲಿ ಅವರನ್ನು ಬಲ್ಲ ಜನ ಮಾತ್ರ ಆ ಭಾಷೆಯ ಎದುರು ಕೇಳುಗರೂ ಆಗದೆ ಉಳಿಯುತ್ತಾರೆ. ಅವರ ಪಾಲಿಗೆ ನಿಜಲಿಂಗಪ್ಪನವರ ಕಥೆ ಎಂದರೆ ಪುಸ್ತಕವಲ್ಲ, ಹಿರಿಯರ ಬಾಯಿಂದ ಕೇಳಿದ ಮಾತು.

ಇದೇ ಸೀಮೆಯ ಮತ್ತೊಂದು ಆತ್ಮಕಥೆಯೊಡನೆ ಹೋಲಿಸಿದರೆ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮವನ್ನು ಕಟ್ಟಿದ, 'ತಿರುಕ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರ 'ಜೋಳಿಗೆಯ ಪವಾಡ' ಕನ್ನಡದ ಕೃತಿ. ಯೋಗ, ಆಯುರ್ವೇದ ಹಾಗೂ ಶಿಕ್ಷಣದ ಮೂಲಕ ಆಶ್ರಮವು ಸುತ್ತಲಿನ ಜನರ ಬದುಕನ್ನು ಮುಟ್ಟಿದೆ. ಬೇಡಿ ತಂದು ಹಂಚಿದವನ ಕಥನದಲ್ಲಿ ಓದುಗನು ಪಕ್ಷ ವಹಿಸಬೇಕಾದ ಸಂದರ್ಭ ಕಡಿಮೆ. ಅಧಿಕಾರ ನಡೆಸಿದವನ ಕಥನದಲ್ಲಿ ಹಾಗಲ್ಲ. ಅಧಿಕಾರದ ಪ್ರತಿಯೊಂದು ತೀರ್ಮಾನವೂ ಒಬ್ಬರಿಗೆ ಕೊಡುತ್ತದೆ, ಇನ್ನೊಬ್ಬರಿಂದ ತೆಗೆದುಕೊಳ್ಳುತ್ತದೆ. ಪಡೆದವನೂ ಕಳೆದುಕೊಂಡವನೂ ಮುಂದೆ ಅದೇ ಪುಸ್ತಕದ ಓದುಗರಾಗುತ್ತಾರೆ. ಎರಡು ಕೃತಿಗಳ ಸ್ವೀಕಾರದಲ್ಲಿನ ವ್ಯತ್ಯಾಸವನ್ನು ಲೇಖಕರ ಗುಣದೋಷಗಳಲ್ಲಿ ಹುಡುಕುವುದಕ್ಕಿಂತ ಈ ಸಂಬಂಧದಲ್ಲಿ ಹುಡುಕುವುದು ಸೂಕ್ತ.

7. ಸಮಾರೋಪ

ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರದ ಅಣೆಕಟ್ಟು ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ಹಿನ್ನೀರು ಹರಡುವುದು ಹೊಸದುರ್ಗ ತಾಲ್ಲೂಕಿನ ಕಡೆಗೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಜಲಾಶಯವು ಕೋಡಿ ಬಿದ್ದಾಗ ಕೆಳಗಿನ ಅಚ್ಚುಕಟ್ಟಿನವರಿಗೆ ಅದು ಸಂಭ್ರಮ, ಹಿನ್ನೀರಿನ ಅಂಚಿನಲ್ಲಿ ಜಮೀನು ಇದ್ದವರಿಗೆ ಆತಂಕ. ನೀರು ಒಂದೇ, ನಿಂತು ನೋಡುವ ಜಾಗ ಬೇರೆ. ಈ ಸೀಮೆಯ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರಾಜಕೀಯ ಆತ್ಮಕಥೆಯ ಓದನ್ನೂ ಇದೇ ರೀತಿ ಗ್ರಹಿಸಬಹುದು.

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರಾಜಕೀಯ ಆತ್ಮಕಥೆಗೆ ದೊರೆಯುವ ಇಬ್ಬಗೆಯ ಪ್ರತಿಕ್ರಿಯೆಯು ಕೃತಿಯಿಂದ ಹುಟ್ಟಿದ್ದಲ್ಲ. ಕೃತಿಯು ಹೇಳುವ ಘಟನೆಗಳಲ್ಲಿಯೇ ಅದರ ಬೇರುಗಳಿವೆ. ಎರಡನೆಯದಾಗಿ, ಇಂತಹ ಕೃತಿಯನ್ನು ಅದರ ಕಾಲದ ದಿನಚರಿ, ಸದನದ ನಡಾವಳಿ ಹಾಗೂ ಎದುರಾಳಿಗಳ ಆತ್ಮಕಥೆಗಳೊಡನೆ ಇಟ್ಟು ಓದಬೇಕು. ಘಟನೆಗೂ ಬರವಣಿಗೆಗೂ ನಡುವಿನ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂರನೆಯದಾಗಿ, ಬರೆದಿಡದವರ ನೆನಪನ್ನೂ ಆಕರವಾಗಿ ಸ್ವೀಕರಿಸಬೇಕು.

ಈ ಮೂರನೆಯ ಅಂಶ ತುರ್ತಿನದು. 1962ರಲ್ಲಿ ಮತದಾನದ ವಯಸ್ಸು 21 ಆಗಿತ್ತು. ಹೊಸದುರ್ಗದಲ್ಲಿ ಅಂದು ಮತ ಹಾಕಿದವರಲ್ಲಿ ಇಂದು ಬದುಕಿರುವ ಅತ್ಯಂತ ಕಿರಿಯರೂ 80 ವರ್ಷ ದಾಟಿದ್ದಾರೆ. ಮುಖ್ಯಮಂತ್ರಿಯಾಗಬೇಕಿದ್ದ ತಮ್ಮದೇ ಜಿಲ್ಲೆಯ ನಾಯಕರನ್ನು ಅವರು ಏಕೆ ಒಪ್ಪಲಿಲ್ಲ ಎಂಬುದಕ್ಕೆ ಮತಪತ್ರಗಳ ಎಣಿಕೆಯಲ್ಲಿ ಉತ್ತರವಿಲ್ಲ, ಸೋತವರ ಆತ್ಮಕಥೆಯಿಂದಲೂ ಅದು ಪೂರ್ತಿಯಾಗಿ ದೊರೆಯಲಾರದು. ಜಾನಪದ ಸಂಗ್ರಹಕ್ಕಾಗಿ ಈ ತಾಲ್ಲೂಕುಗಳ ಹಟ್ಟಿಗಳನ್ನು ಸುತ್ತಿದ ಕನ್ನಡ ವಿಭಾಗಗಳಿಗೆ ಕ್ಷೇತ್ರಕಾರ್ಯ ಹೊಸದಲ್ಲ. ಹಾಡು, ಐತಿಹ್ಯಗಳನ್ನು ಬರೆದುಕೊಂಡ ಶ್ರದ್ಧೆಯಿಂದಲೇ ಈ ರಾಜಕೀಯ ನೆನಪುಗಳನ್ನೂ ಬರೆದುಕೊಳ್ಳಬೇಕಾಗಿದೆ. ಆ ಕೆಲಸ ಆಗದಿದ್ದರೆ ಹೊಸದುರ್ಗದ ಆ ಚುನಾವಣೆಯು ಸೋತವರ ಬದುಕಿನ ಒಂದು ಪ್ರಸಂಗವಾಗಿ ಮಾತ್ರ ಉಳಿಯುತ್ತದೆ. ಮತ ಹಾಕಿದವರ ಪಾಲಿನ ಕಥನ ಅವರೊಂದಿಗೇ ಮರೆಯಾಗುತ್ತದೆ.